ಕೊಡೆ ಕಡ್ಡಿ ಮತ್ತು ಪಲ್ಪರ್ ಮನೆಯ ಬೀಗ

ಕೀ ಇಲ್ಲದೆ ಬೀಗ ತೆಗೆಯುವುದನ್ನು ನಾನು ಕಲಿತದ್ದು ಕಳೆದ ಮಳೆಗಾಲದಲ್ಲಿ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು. ಐವತ್ತು ದಾಟಿದ ಮೇಲೆ ಇದೆಂಥ ಹುಚ್ಚು ಎಂದು ಯಜಮಾನರು ನಕ್ಕರು. ನಗಲಿ ಬಿಡಿ. ನಮ್ಮ ಸಂಸೆಯಲ್ಲಿ ಮಳೆ ಮುಗಿಯುವಷ್ಟರಲ್ಲಿ ಮುರಿದ ಕೊಡೆಗಳಿಗೇನು ಬರ. ಒಂದರಿಂದ ಎರಡು ಕಡ್ಡಿ ಕಿತ್ತು, ಅರದಲ್ಲಿ ಉಜ್ಜಿ, ತುದಿ ಬಗ್ಗಿಸಿಕೊಂಡೆ. ಬೀಗವನ್ನು ತಿರುಗಿಸಿ ಹಿಡಿಯಲು ಒಂದು, ಒಳಗಿನ ಪಿನ್ನುಗಳನ್ನು ಎತ್ತಲು ಇನ್ನೊಂದು.

ಮೊದಮೊದಲು ಆತುರಕ್ಕೆ ಬಿದ್ದು ಜೋರಾಗಿ ತಿರುಗಿಸುತ್ತಿದ್ದೆ. ಕಡ್ಡಿ ಬಾಗುತ್ತಿತ್ತೇ ಹೊರತು ಬೀಗ ತೆರೆಯುತ್ತಿರಲಿಲ್ಲ. ಕಾಫಿ ಗಿಡದಲ್ಲಿ ಕಾಯಿ ಬಿಟ್ಟು ಹಣ್ಣನ್ನಷ್ಟೇ ಕುಯ್ಯಲು ಬರುವ ಬೆರಳಿಗೆ ಇಷ್ಟು ಮೆಲ್ಲಗೆ ಒತ್ತಲು ಬರುವುದಿಲ್ಲವೇ ಎಂದು ನನ್ನನ್ನೇ ಬೈದುಕೊಂಡೆ. ಕೈ ಹಗುರಾದ ಮೇಲೆ ಮನೆಯ ಹಳೆಯ ಬೀಗಗಳೆಲ್ಲ ಒಂದೊಂದಾಗಿ ಬಾಯಿಬಿಟ್ಟವು.

ಜಗ್ಗದೆ ಉಳಿದದ್ದು ಪಲ್ಪರ್ ಮನೆಯ ಹಿತ್ತಾಳೆ ಬೀಗ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನು ಇರುವ ಕೋಣೆ ಅದು. ಬೀಗ ನಮ್ಮ ಮಾವನವರು ತಂದದ್ದು. ಅದರ ಕೀ ಅವರ ಜನಿವಾರದಿಂದ ಯಜಮಾನರ ಜನಿವಾರಕ್ಕೆ ಬಂತು, ನನ್ನ ಕೈಗೆ ಯಾವತ್ತೂ ಬರಲಿಲ್ಲ. ಇವರು ಕೊಡುವುದಿಲ್ಲ ಎಂದವರಲ್ಲ. ಕೊಡಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಇವರು ಕಳಸದ ಪೇಟೆಗೆ ಹೋದಾಗಲೆಲ್ಲ ನಾನು ಹಣ್ಣಿನ ಮೂಟೆಗಳ ಜೊತೆ ಆ ಬಾಗಿಲಲ್ಲಿ ಕಾಯುತ್ತ ಕೂರಬೇಕು. ನನ್ನ ಹುಚ್ಚಿಗೆ ಆ ಸಿಟ್ಟೂ ಒಂದು ಕಾರಣ.

ಡಿಸೆಂಬರಿನಲ್ಲಿ ಕುಯ್ಲು ಶುರುವಾಗುವಷ್ಟರಲ್ಲಿ ಅದೂ ಕೈಗೆ ಒಗ್ಗತೊಡಗಿತ್ತು, ಆದರೆ ಒಂದು ವಿಚಿತ್ರ ಕಂಡಿತು. ಆ ಬೀಗ ಮಧ್ಯಾಹ್ನವಾದರೆ ಕಡ್ಡಿಗೆ ತೆರೆದುಕೊಳ್ಳುತ್ತಿತ್ತು. ಬೆಳಿಗ್ಗೆ, ಸಂಜೆ ಜಪ್ಪಯ್ಯ ಅಂದರೂ ಇಲ್ಲ. ತುಸು ಹೆಚ್ಚು ಎತ್ತಿದ ಪಿನ್ನು ತನ್ನ ಜಾಗಕ್ಕೆ ಇಳಿಯದೆ ಮೇಲೆಯೇ ಕೂತುಬಿಡುತ್ತಿತ್ತು. ಕಡ್ಡಿ ಬದಲಿಸಿದೆ, ಕೈ ಬದಲಿಸಿದೆ, ಬೆರಳನ್ನು ಒಲೆಗೆ ಕಾಸಿಕೊಂಡೂ ನೋಡಿದೆ. ಯಜಮಾನರ ಕೀ ಕೂಡ ಬೆಳಿಗ್ಗೆ ಹೊತ್ತು ಸ್ವಲ್ಪ ಅಲ್ಲಾಡಿಸಿದ ಮೇಲೇ ತಿರುಗುತ್ತಿತ್ತು. ಅವರು ಮಾತ್ರ, "ನಿನ್ನ ವಿದ್ಯೆಗೆ ಬಿಸ್ಲು ಬೇಕು ಕಾಣ್ತದೆ ಮಾರಾಯ್ತಿ" ಎಂದು ತಮಾಷೆ ಮಾಡಿದರು.

ಒಂದು ದಿನ ಅವರು ವಸ್ತಾರೆಯ ನೆಂಟರ ಮನೆಗೆ ಹೋದರು. ಸಂಜೆ ಹಣ್ಣು ತೂಕವಾಗಿ ಆಳುಗಳು ಹೊರಟ ಹೊತ್ತಿಗೆ ಫೋನ್ ಬಂತು. ಮೂಡಿಗೆರೆ ಹತ್ತಿರ ಜೀಪು ಕೆಟ್ಟಿದೆ, ಬರುವುದು ನಾಳೆ ಎಂದರು. ಹಣ್ಣು ಅವತ್ತೇ ಪಲ್ಪರಿಗೆ ಬೀಳದಿದ್ದರೆ ಬಿಸಿಯೇರಿ ಹುಳಿಯುತ್ತದೆ, ಆ ದಿನದ ದುಡಿಮೆಯೆಲ್ಲ ಹಾಳು. ಬೀಗ ಒಡೆದುಬಿಡು ಎಂದರು. ಆಮೇಲೆ ಅವರ ದನಿ ಸಣ್ಣದಾಯಿತು.

"ಅಪ್ಪಯ್ಯಂದು ಅದು. ಇರ್ಲಿ, ಒಡಿ."

"ಒಡೆಯಲ್ಲ ರೀ. ಫೋನ್ ಇಡಿ" ಎಂದೆ.

ಹೇಳಿದ್ದೇನೋ ಹೇಳಿದೆ. ಚಳಿ ಏರುತ್ತಿತ್ತು, ಪಿನ್ನು ಒಂದೂ ಮಾತು ಕೇಳಲಿಲ್ಲ. ಅಳುವೇ ಬಂತು. ನೋಯುತ್ತಿದ್ದ ಕೈಗೆ ಕೊಬ್ಬರಿ ಎಣ್ಣೆ ಹಚ್ಚೋಣವೆಂದು ಒಳಗೆ ಹೋದರೆ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಕರಗಲೆಂದು ಒಲೆಯ ಪಕ್ಕ ಇಡಲು ಹೋದವಳು ಅಲ್ಲೇ ನಿಂತೆ. ದೀಪಾವಳಿಯ ಎಣ್ಣೆಸ್ನಾನದ ದಿನ ಯಜಮಾನರು ಮನೆಮಂದಿಗೆಲ್ಲ ಇದೇ ಎಣ್ಣೆ ಹಚ್ಚಿ, ಉಳಿದದ್ದನ್ನು ಆ ಬೀಗಕ್ಕೂ ಬಿಟ್ಟಿದ್ದರು. ಅಯ್ಯೋ ದೇವರೇ, ತಪ್ಪು ನನ್ನ ಬೆರಳಿನದಲ್ಲ!

ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಬೀಗಕ್ಕೆ ಸುತ್ತಿದೆ. ತಣಿದ ಹಾಗೆ ಮತ್ತೆ ಅದ್ದಿ ಸುತ್ತಿದೆ. ಆಮೇಲೆ ಕಡ್ಡಿ ಹಾಕಿದರೆ ಎತ್ತಿದ ಪಿನ್ನು ಚುರುಕಾಗಿ ಕೆಳಗೆ ಬಂತು. ಸ್ವಲ್ಪ ಹೊತ್ತಿಗೆ ಬೀಗ ಕಳಚಿ ಕೈಗೆ ಬಿತ್ತು. ಅಂಥ ಖುಷಿ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಪಟ್ಟಿರಲಿಲ್ಲ. ಊಟದ ಹೊತ್ತಿಗೆ ಹಣ್ಣೆಲ್ಲ ಸಿಪ್ಪೆ ಬಿಟ್ಟು, ಬೀಜ ತೊಟ್ಟಿ ಸೇರಿತ್ತು.

ಮರುದಿನ ಯಜಮಾನರು ಮೊದಲ ಬಸ್ಸಿಗೇ ಬಂದರು. ತೊಟ್ಟಿಗೆ ಇಣುಕಿದರು, ಬೀಗವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಣ್ಣೆಯ ಕತೆ ಹೇಳಿದಾಗ ತಲೆ ಕೆರೆದುಕೊಂಡು ನಕ್ಕರು. ತಿಂಡಿಯಾದ ಮೇಲೆ ಜನಿವಾರದಿಂದ ಕೀ ಬಿಚ್ಚಿ ಅಡುಗೆಮನೆಯ ಬಾಗಿಲ ಮೊಳೆಗೆ ನೇತುಹಾಕಿದರು.

"ಇಲ್ಲೇ ಇರ್ಲಿ" ಎಂದರು. "ಹಣ್ಣು ಮೊದ್ಲು ನೋಡೋಳು ನೀನೇ ಅಲ್ವಾ."

ಆ ಸಂಜೆ ಹಣ್ಣು ಬಂದಾಗ ಕೊಡೆ ಕಡ್ಡಿಯನ್ನು ಡಬ್ಬಿಯಲ್ಲೇ ಬಿಟ್ಟು, ಮೊಳೆಯಿಂದ ಕೀ ತೆಗೆದುಕೊಂಡು ಹೋದೆ. ಸ್ವಲ್ಪ ಅಲ್ಲಾಡಿಸಿದ ಮೇಲೆ ತಿರುಗಿತು.