ಅಮ್ಮನ ಅಂಚುಗಳಿದ್ದ ಕಂಪ್ಯೂಟರ್

ತಮಿಳುನಾಡಿನ ಪಲ್ಲಡಂನಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಗೆ ಹೊಸ ಮಗ್ಗ ಬರುವುದಿತ್ತು. ಅಲ್ಲಿದ್ದ ಹಳೇ ಕಂಪ್ಯೂಟರನ್ನು ಬೀರುವಿಗೆ ಸೇರಿಸದೆ ಗತಿಯಿರಲಿಲ್ಲ. ಅಮ್ಮ ಪ್ರಾಯದಲ್ಲಿ ಬಿಡಿಸಿದ ಸೀರೆ ಅಂಚುಗಳೆಲ್ಲ ಅದರೊಳಗಿವೆ. ಅವನ್ನು ತೆರೆಯುವ ತಂತ್ರಾಂಶ ಬೇರೆ ಯಂತ್ರದಲ್ಲಿ ಓಡುವುದಿಲ್ಲ. ಓಡಿಸಲು ಹೋಗಿ ನಾನು ಸಾಕಷ್ಟು ತಲೆ ಚಚ್ಚಿಕೊಂಡಿದ್ದೇನೆ.

"ಹಂಗೇ ಎತ್ತಿ ಇಕ್ಕು. ಒಳಗೆ ಕೈ ಹಾಕಬೇಡ," ಎಂದಳು ಅಮ್ಮ.

ಒಳಗಿನ ಬೋರ್ಡಿನಲ್ಲಿ ಆ ದರಿದ್ರ ಬ್ಯಾಟರಿ ಇಲ್ಲದಿದ್ದರೆ ಹಾಗೇ ಇಡಬಹುದಿತ್ತು. ಅಂಚುಗಳಿರುವ ಡಿಸ್ಕಿನ ಅಳತೆಗಳನ್ನು ನೆನಪಿಡುವುದೂ ಅದೇ, ವರ್ಷಗಟ್ಟಲೆ ಬಿಟ್ಟರೆ ಸೋರಿ ಬೋರ್ಡನ್ನು ತಿಂದುಹಾಕುವುದೂ ಅದೇ. ಮುಚ್ಚಳ ಬಿಚ್ಚಿ ನೋಡಿದರೆ ಬುಡದಲ್ಲಿ ಆಗಲೇ ಹಸಿರು ಕಿಲುಬು. ಬ್ಯಾಟರಿ ತೆಗೆದರೆ ಅಳತೆ ಅಳಿಸಿಹೋಗಿ, ಡಿಸ್ಕ್ ಇದೆಯೆಂದೇ ಯಂತ್ರಕ್ಕೆ ತಿಳಿಯುವುದಿಲ್ಲ. ಅತ್ತ ದರಿ, ಇತ್ತ ಹುಲಿ.

ಇದನ್ನು ಹೇಳಿದಾಗ ಅಮ್ಮನ ಮುಖ ಸಪ್ಪಗಾಯಿತು. "ನನ್ನ ಅಂಚು ಪೂರಾ ಹೋಯ್ತದಾ?" ಎಂದಳು.

"ಮಗ್ಗ ನಿಲ್ಲಿಸುವಾಗ ನೀನೇನು ಮಾಡ್ತೀಯಮ್ಮ?" ಎಂದೆ.

"ನೂಲನ್ನ ಪೂರಾ ಕತ್ತರಿಸಲ್ಲ ಕಂದ. ಎಳೆ ಹಾಯೋ ಅಚ್ಚಲ್ಲಿ ಒಂದು ಗೇಣು ಬಿಡ್ತೀನಿ. ಆಮೇಲೆ ಬಂದೋರು ಹೊಸ ನೂಲನ್ನ ಅದಕ್ಕೇ ಗಂಟಾಕ್ತಾರೆ. ಇಲ್ದಿದ್ರೆ ಸಾವಿರಾರು ಎಳೆ ಮತ್ತೆ ಪೋಣಿಸಬೇಕು."

"ಇದಕ್ಕೂ ಒಂದು ಗೇಣು ಬಿಡೋಣ."

ಅವಳು ನಂಬಲಿಲ್ಲ, ಆದರೆ ಬೇಡ ಎನ್ನಲೂ ಇಲ್ಲ. ಸೆಟ್ಟಿಂಗ್ ಪರದೆಯ ಪುಟಗಳನ್ನೆಲ್ಲ ಫೋಟೋ ತೆಗೆದೆ. ಡಿಸ್ಕಿನ ಅಳತೆಗಳನ್ನು ಪರದೆಯಲ್ಲಿದ್ದ ಕ್ರಮದಲ್ಲೇ ಮುಚ್ಚಳದ ಒಳಮೈಗೆ ಬರೆದೆ. ಬರೀ ಅಂಕಿಗಳು, ಅವಕ್ಕೆ ಕನ್ನಡವೂ ಬೇಡ, ತಮಿಳೂ ಬೇಡ. ವೈರು ಕಿತ್ತು, ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಿಲುಬನ್ನು ವಿನೆಗರಿನಲ್ಲಿ ಒರೆಸಿ ಒಣಗಿಸಿದೆ.

ಮತ್ತೆ ಸ್ವಿಚ್ ಹಾಕಿದಾಗ ಡಿಸ್ಕ್ ಇಲ್ಲವೆಂದು ಪರದೆ ಸಾರಿತು. ಅಮ್ಮ ಮುಖ ತಿರುಗಿಸಿಕೊಂಡಳು. ಬೇಡ ಅಂದಿದ್ದನ್ನೇ ಮಾಡುವ ಮಗುವನ್ನು ಹೆತ್ತೆನಲ್ಲಾ ಎಂದು ಗೊಣಗಿದ್ದೂ ಕೇಳಿಸಿತು. ನಾನು ಮುಚ್ಚಳ ನೋಡಿ ಅಂಕಿಗಳನ್ನು ಒತ್ತುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅವಳ ಕೇದಗೆ ಅಂಚು ಸಾಲಾಗಿ ಮೂಡಿಬಂತು. ಬಣ್ಣವೂ ಕೆಟ್ಟಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಮ್ಮ ಮಾತ್ರ ಕುರ್ಚಿ ಎಳೆದುಕೊಂಡು ಕುಳಿತಳು. "ಆರಿಸು. ಈಗ ನಾನು ಮಾಡ್ತೀನಿ."

ಆರಿಸಿ ಮತ್ತೆ ಸ್ವಿಚ್ ಹಾಕಿದೆ, ಬ್ಯಾಟರಿ ಇಲ್ಲದ್ದರಿಂದ ಅಳತೆಗಳು ಮತ್ತೆ ಮಾಯ. ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಬೆರಳಿನಲ್ಲಿ ಅಂಕಿ ಒತ್ತಿದಳು. ಒಂದು ಕಡೆ ತಪ್ಪಿದಾಗ ನಾನು ಬಾಯಿ ತೆರೆದೆ. ಒಂದು ನೋಟಕ್ಕೇ ನನ್ನ ಬಾಯಿ ಮುಚ್ಚಿಸಿ ತಾನೇ ತಿದ್ದಿಕೊಂಡಳು. ಅಂಚು ಬಂತು.

"ಇನ್ನು ನೀನು ಊರಲ್ಲಿ ಇಲ್ದಿದ್ರೂ ನನ್ನ ಅಂಚನ್ನ ನಾನೇ ತೆಗೀತೀನಿ," ಎಂದು ಅಮ್ಮ ತಾನೇ ಸ್ವಿಚ್ ಆರಿಸಿದಳು.