ಟವಲ್ ಹಾಕಿ ಹಿಡಿದ ಸೀಟು

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಓಡಾಡಿ ಬೆಳೆದವರಿಗೆ ಎರಡು ವಿದ್ಯೆ ಬಂದೇ ಬರುತ್ತವೆ. ಒಂದು, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟವಲ್ ಎಸೆಯುವುದು. ಟವಲ್ ಬಿದ್ದ ಸೀಟು ನಮ್ಮದು. ಮೊಳಕಾಲ್ಮೂರು ತಲುಪುವವರೆಗೆ ಯಾರೂ ಕೇಳುವಂತಿಲ್ಲ. ಇನ್ನೊಂದು ನಮ್ಮವ್ವ ಕಲಿಸಿದ್ದು. ಗದ್ದಲದಲ್ಲಿ ತಪ್ಪಿಸಿಕೊಂಡವನು ನಿಂತ ಜಾಗ ಬಿಟ್ಟು ಕದಲಬಾರದು, ಹುಡುಕುವ ಕೆಲಸ ಉಳಿದವರದು.

ತೊಂಬತ್ತರ ದಶಕದ ಕೊನೆಗೆ ಕೈಮಗ್ಗದ ಪ್ರದರ್ಶನವೊಂದಕ್ಕೆಂದು ಸಿಂಗಪುರಕ್ಕೆ ಹೊರಟಾಗ ಈ ಎರಡೂ ವಿದ್ಯೆ ನನ್ನೊಂದಿಗೇ ವಿಮಾನ ಹತ್ತಿದವು. ಜೊತೆಗೆ ನನ್ನ ಸೋದರಮಾವ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಲೇ ಅರವತ್ತು ದಾಟಿದವರು. ಗುಂಡಿಮಗ್ಗದಲ್ಲಿ ಕೂತು ಕೂತು ಮಂಡಿ ಸೋತಿತ್ತು. ಸೀರೆ ಅವರದು, ಮಾರುವ ಮಾತು ನನ್ನದು. ಹೊರಡುವಾಗ ಅವ್ವ, "ಅವನ ಕೈ ಬಿಡಬ್ಯಾಡ ಕಣಪ್ಪ, ನಂಗಿರೋನು ಒಬ್ನೇ ತಮ್ಮ" ಎಂದಿದ್ದಳು. ಕನ್ನಡ, ತೆಲುಗು ಬಿಟ್ಟರೆ ಮಾವನಿಗೆ ಬೇರೆ ಭಾಷೆ ಬಾರದು. ಹೋಟೆಲಿನ ವಿಳಾಸದ ಚೀಟಿಯನ್ನು ಅವರ ಮೂರೂ ಜೇಬಿನಲ್ಲಿ ಇಟ್ಟು, ತಪ್ಪಿಸಿಕೊಂಡರೆ ಕದಲಬೇಡಿ ಎಂದು ದಾರಿಯುದ್ದಕ್ಕೂ ಹತ್ತು ಸಲ ಹೇಳಿದ್ದೆ. ಹನ್ನೊಂದನೆಯ ಸಲಕ್ಕೆ ಅವರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ನೆಲದೊಳಗಿನ ರೈಲು. ಪ್ಲಾಟ್‌ಫಾರ್ಮಿನ ಅಂಚಿಗೆ ಉದ್ದಕ್ಕೂ ಗಾಜಿನ ಗೋಡೆ. ರೈಲು ಬಂದು ನಿಂತರೆ ಅದರ ಬಾಗಿಲು ಗೋಡೆಯ ಬಾಗಿಲಿಗೆ ಬೆರಳಗಲವೂ ತಪ್ಪದೆ ಎದುರಾಗುತ್ತಿತ್ತು. ಕೂಗುವ ಕಂಡಕ್ಟರ್ ಇಲ್ಲ, ಬಾಗಿಲಿಗೆ ಜೋತುಬಿದ್ದವರಿಲ್ಲ. ಇಳಿಯುವವರು ಇಳಿಯಲಿ ಎಂದು ಹತ್ತುವವರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು! ಬಾಯಿ ತೆರೆದು ನೋಡುತ್ತಿದ್ದವನಿಗೆ ಥಟ್ಟನೆ ಮಾವನ ಮಂಡಿ ನೆನಪಾಯಿತು. ಅವರ ಕೈ ಬಿಟ್ಟು ಒಳಗೆ ನುಗ್ಗಿ, ಹೆಗಲ ಮೇಲಿನ ಟವಲನ್ನು ಎರಡು ಸೀಟಿನ ಮೇಲೆ ಹರಡಿದೆ. ಕರೆಯೋಣವೆಂದು ತಿರುಗುವಷ್ಟರಲ್ಲಿ ಬಾಗಿಲು ಸದ್ದಿಲ್ಲದೆ ಮುಚ್ಚಿತ್ತು. ಗಾಜಿನಾಚೆ ಮಾವ, ಈಚೆ ನಾನು. ಬೋಗಿಯಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದದ್ದು ಕಣ್ಣಿಗೆ ಬಿದ್ದದ್ದು ಆಮೇಲೆ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಆಚೆ ಬದಿಯ ರೈಲು ಹಿಡಿದು ವಾಪಸ್ ಬಂದೆ. ಐದಾರು ನಿಮಿಷ ಹಿಡಿದಿರಬಹುದು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಪೊಲೀಸರ ಕಾಲು ಹಿಡಿದು, ಒಬ್ಬನೇ ಊರಿಗೆ ಮರಳಿ, ಅವ್ವನ ಮುಂದೆ ತಲೆ ತಗ್ಗಿಸಿ ನಿಂತಾಗಿತ್ತು.

ಮಾವ ಅಲ್ಲಿರಲಿಲ್ಲ.

ಬೆಂಚು ನೋಡಿದೆ, ಕಂಬಗಳ ಹಿಂದೆ ನೋಡಿದೆ. ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬರಿಗೆ ನನ್ನ ಹರುಕು ಇಂಗ್ಲಿಷಿನಲ್ಲಿ ಬಿಳಿ ಪಂಚೆ, ಬಿಳಿ ಮೀಸೆ ಎಲ್ಲ ವಿವರಿಸಿದೆ. ಅವರು ನಕ್ಕು, ರೈಲು ಹೋಗುವ ದಿಕ್ಕಿಗೆ ಕೈ ತೋರಿಸಿದರು. ಮಾವ ಮುಂದಿನ ರೈಲು ಹತ್ತಿ ಹೋಗಿದ್ದರು. ಎಲ್ಲಿಗೆ?

ಮತ್ತೆ ಅದೇ ದಿಕ್ಕಿನ ರೈಲು ಹತ್ತಿದೆ. ನಾನು ಮೊದಲು ಇಳಿದಿದ್ದ ಸ್ಟೇಷನ್ನಿನಲ್ಲಿ ಬಾಗಿಲು ತೆರೆಯಿತು. ಎದುರಿನ ಬೆಂಚಿನ ಮೇಲೆ ಮಾವ ಕಾಲು ಚಾಚಿ ಕೂತಿದ್ದರು.

ಸಮಾಧಾನಪಡುವುದು ಬಿಟ್ಟು ರೇಗಿದೆ. ಕದಲಬೇಡಿ ಅಂತ ಎಷ್ಟು ಸಲ ಹೇಳಿದ್ದೆ ಎಂದೆ.

"ತಪ್ಪಿಸ್ಕಂಡೋನು ನೀನಲ್ಲೇನಲೇ? ನಾನು ನಿಂತಲ್ಲೇ ನಿಂತಿದ್ದೆ, ನೀನೇ ಹೋದೆ. ಹುಡುಕ್ಕಂಡು ಬಂದೆ."

"ಇಲ್ಲೇ ಇಳೀಬೇಕು ಅಂತ ಹೆಂಗೆ ಗೊತ್ತಾತು ಮಾವ?"

"ನೀನು ಪುಕ್ಲ. ಒಂದು ಸ್ಟಾಪಿಗಿಂತ ಮುಂದಕ್ಕೆ ಹೋಗೋ ಗಂಡಲ್ಲ." ಸರಿದು ಜಾಗ ಕೊಟ್ಟರು. "ಟವಲ್ ಎಲ್ಲೈತೆ?"

"ಸೀಟು ಹಿಡ್ಕಂಡು ಮುಂದಕ್ಕೆ ಹೋಯ್ತು."

ಇನ್ನೊಂದು ರೈಲು ಬಂತು. ಪ್ರದರ್ಶನಕ್ಕೆ ಹೊತ್ತಾಯಿತೆಂದು ಎದ್ದೆ. ಮಾವ ನನ್ನ ಮುಂಗೈ ಹಿಡಿದು ಕೂರಿಸಿದರು.

"ತಡಿಯಲೇ. ಲಾಳಿ ಬಂದಂಗೆ ಬರ್ತೈತೆ ನೋಡು. ಒಂದೆಳೆ ಆಚೀಚೆ ಆಗಲ್ಲ."

ಐವತ್ತು ವರ್ಷ ಮಗ್ಗದಲ್ಲಿ ನೂಲು ಹೊತ್ತು ಸಾಗುವ ಲಾಳಿಯ ಹಿಂದೆ ಓಡಿದ ಕಣ್ಣು ಆ ಬಾಗಿಲುಗಳನ್ನೇ ನೋಡುತ್ತಿತ್ತು. ನನ್ನ ಕೈಗಡಿಯಾರ ಅವರ ಮುಷ್ಟಿಯೊಳಗೆ ಸಿಕ್ಕಿಕೊಂಡಿತ್ತು. ಅವರು ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ನಾಲ್ಕು ರೈಲು ನೋಡಿ ಬಿಟ್ಟೆವು. ಐದನೆಯದಕ್ಕೆ ಇಬ್ಬರೂ ಒಟ್ಟಿಗೆ ಹತ್ತಿದೆವು.