ಮುನಿರಾಜಣ್ಣ ಕಂಡ ತಕಯಾಮ

ಯಾವ ಊರಿನ ಫೋಟೊ ತೋರಿಸಿದರೂ ಮುನಿರಾಜಣ್ಣ ಕೇಳುತ್ತಿದ್ದುದು ಒಂದೇ: "ಅಲ್ಲೇನ್ ಬೆಳೀತಾರವ್ವಾ?"

ಹೆಬ್ಬಾಳದ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ನಾನು ಅವರಿಗೆ ಜಪಾನಿನ ತಕಯಾಮ ಎಂಬ ಪುಟ್ಟ ಊರನ್ನು ಬಣ್ಣಿಸುತ್ತಿದ್ದೆ. ಸುತ್ತ ಬೆಟ್ಟ, ನಡುವೆ ಹೊಳೆ, ದಂಡೆಯಲ್ಲಿ ಬೆಳಗಿನ ಸಂತೆ. ಕಪ್ಪು ಮರದ ಹಳೇ ಮನೆಗಳ ಬೀದಿ, ಅಕ್ಕಿಯ ಮದ್ಯ ಮಾರುವ ಅಂಗಡಿಗಳು, ಹಬ್ಬದಲ್ಲಿ ಬೊಂಬೆ ಕುಣಿಸುವ ದೊಡ್ಡ ಬಂಡಿಗಳು. ಮಹಾನುಭಾವ ಆಕಳಿಸಿದರು. ಸಂತೆಯಲ್ಲಿ ಕೆಂಪು ಗೆಡ್ಡೆಯ ಉಪ್ಪಿನಕಾಯಿ ಸಿಗುತ್ತದೆ ಎಂದಾಗ ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡರು.

"ಆ ಗೆಡ್ಡೇನ ಎಂಗ್ ಆಕ್ತಾರೆ? ಸಾಲಾ, ಮಡೀನಾ?"

"ಅಯ್ಯೋ, ನಂಗೇನ್ ಗೊತ್ತಣ್ಣಾ!"

ಹೊರಡುವಾಗ ಅವರ ಹೆಂಡತಿ ರತ್ನಕ್ಕ ನನ್ನನ್ನು ಪಕ್ಕಕ್ಕೆ ಕರೆದರು. "ತಣಿಸಂದ್ರದ ಒಲ ಬಿಲ್ಡರ್‌ಗೆ ಕೊಟ್ಟು, ಅಲ್ಲೇ ಎದ್ದಿರೋ ಅಪಾರ್ಟ್‌ಮೆಂಟ್‌ಗೆ ಬಂದಾಗಿಂದ ಇವ್ರು ಸರಿಯಾಗಿಲ್ಲ ಕಣಮ್ಮ. ಬದುಕಿದ್ದೇನ್ ಮಾಡ್ಬೇಕು ಅಂತಾರೆ. ಒಬ್ರನ್ನೇ ಬಿಡ್ಬೇಡ."

ಪ್ರವಾಸದ ತಂಡವನ್ನು ಕರೆದೊಯ್ದವಳು ನಾನೇ. ತಕಯಾಮದ ಸಂತೆಯಲ್ಲಿ ಇದ್ದಕ್ಕಿದ್ದಂತೆ ಮುನಿರಾಜಣ್ಣ ಕಾಣೆಯಾದರು. ಅವರ ಫೋನು ರತ್ನಕ್ಕನ ಚೀಲದಲ್ಲೇ ಇತ್ತು. ಬೀದಿ ಬೀದಿ ಹುಡುಕಿದೆವು. ಊರ ಅಂಚಿಗೆ ಬಂದರೆ, ಹೊಳೆಯ ದಂಡೆಯ ಮೇಲೆ ಅವರ ಬೂಟುಗಳು. ಒಳಗೆ ಮಡಚಿಟ್ಟ ಕಾಲುಚೀಲ. ರತ್ನಕ್ಕ ಅಲ್ಲೇ ಕುಸಿದರು. ನಾನು ನೀರು ನೋಡಲು ಧೈರ್ಯ ಸಾಲದೆ ಇನ್ನೊಂದು ಕಡೆ ತಿರುಗಿದೆ.

ದಂಡೆಯ ಕೆಳಗೊಂದು ಹೊಲ. ಆ ಚಳಿಯಲ್ಲಿ ಪ್ಯಾಂಟು ಮೊಣಕಾಲಿಗೆ ಮಡಚಿ, ಬರಿಗಾಲಲ್ಲಿ ನಿಂತು, ಜಪಾನಿ ಅಜ್ಜಿಯೊಬ್ಬರ ಜೊತೆ ಈ ಮನುಷ್ಯ ಕೆಂಪು ಗೆಡ್ಡೆ ಕೀಳುತ್ತಿದ್ದಾರೆ!

"ಏನಣ್ಣಾ ಇದು? ಜೀವ ಹೋಯ್ತು ನಮ್ದು! ಬೂಟ್ ಯಾಕ್ ಬಿಚ್ಚಿಟ್ರಿ?"

ನನಗೇ ಬುದ್ಧಿಯಿಲ್ಲವೆಂಬಂತೆ ನೋಡಿದರು. "ಬೆಳೆ ಒಳಗೆ ಬೂಟ್ ಆಕ್ಕೊಂಡು ಯಾರಾದ್ರೂ ಕಾಲಿಡ್ತಾರೇನವ್ವಾ? ಗೆಡ್ಡೆ ಆಕಿರೋದು ಸಾಲು ಕಣವ್ವಾ, ಮಡಿಯಲ್ಲ."

ರತ್ನಕ್ಕ ಅಳುತ್ತಲೇ ಅವರ ಭುಜಕ್ಕೆ ಗುದ್ದಿದರು. ಮುನಿರಾಜಣ್ಣ ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದು ತಣಿಸಂದ್ರಕ್ಕೆ ಓಡಿದೆ. ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. ಈಗ ಅವರನ್ನು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ಕಾರುಗಳ ನಡುವೆ ಮಲಗಿಸಿದ್ದರು. ವಿದ್ಯುತ್ ಚಿತಾಗಾರಕ್ಕೆ ಒಯ್ಯಲು ವ್ಯಾನು ಬಂದು ನಿಂತಿತ್ತು. ನನಗೆ ದುಃಖ ತಡೆಯಲಾಗಲಿಲ್ಲ.

ರತ್ನಕ್ಕ ಕಾಂಕ್ರೀಟಿನ ಮೇಲೆ ಅಂಗೈ ಊರಿ ಕೂತಿದ್ದರು. "ನಮ್ ಒಲ ಇದೇ ಕಣಮ್ಮ," ಎಂದರು. "ಇವ್ರನ್ನ ಇನ್ನೆಲ್ಲಿಗ್ ತಕ್ಕೊಂಡೋಯ್ತಾವ್ರೆ?"